ನೂರೊಂಬತ್ತು ಜಯಗಳ ತರುವಾಯ ಒಂದು ಸೋಲು

ನಮ್ಮ ಶಾಲೆಯ ಹಿಂಬದಿಯ ಬಯಲಿನಲ್ಲಿ ಎರಡು ಕಂಬಗಳ ನಡುವೆ ಬಲೆಯನ್ನು ಬಿಗಿದು, ಸುಣ್ಣದ ಪುಡಿಯಿಂದ ಗೆರೆಗಳನ್ನೆಳೆದು, ಸಾಯಂಕಾಲದ ಗಂಟೆಯಾಗುವವರೆಗೂ ಚೆಂಡಾಡಿದ ದಿನಗಳನ್ನು ಮರೆತವರು ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳವೆಂದೇ ನಾವು ನಂಬಿರುವೆವು. ಆ ಆಟವು ಈಗಲೂ ಅದೇ ಬಯಲಿನಲ್ಲಿ ನಡೆಯುತ್ತಲಿದೆ. ಆದರೆ ಶಾಲೆಗಳ ಪಂದ್ಯಗಳು ಪ್ರಾರಂಭವಾಗಿ, ಮೊದಲನೆಯ ಪಂದ್ಯದಲ್ಲಿಯೇ ನಮ್ಮ ತಂಡವು ಸೋತು ಬಂದಿತೆಂದರೆ, ಆ ವಾರದೊಳಗಾಗಿ ಒಬ್ಬಿಬ್ಬರು ಪೋಷಕರಿಂದ ಕಾಗದ ಬರುವುದುಂಟು. ಮಗಳಿಗೆ ಆಟವು ಒಗ್ಗುವಂತೆ ತೋರುವುದಿಲ್ಲವಾದುದರಿಂದ ಇನ್ನು ಮುಂದೆ ಆಕೆಯನ್ನು ತಂಡಕ್ಕೆ ಸೇರಿಸಿಕೊಳ್ಳಬಾರದಾಗಿ ಪ್ರಾರ್ಥನೆ ಎಂಬುದೇ ಆ ಕಾಗದಗಳ ಸಾರಾಂಶ. ಇಂಥ ತಂದೆತಾಯಿಗಳ ವಾತ್ಸಲ್ಯದಲ್ಲಿ ನಮಗೆ ಲೇಶವೂ ಸಂಶಯವಿಲ್ಲ. ಅಳುತ್ತಾ ಮನೆಗೆ ಬಂದ ಮಗುವನ್ನು ಕಂಡವರು ಅವರು. ಆದರೂ ಆಟದ ಕಾಲದ ಮೊದಲಲ್ಲಿ ಬರುವ ಸೋಲು ಎಂಥದು, ಅದು ಹೇಗೆ ಉಂಟಾಗುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ಹೇಳುವುದು ಈ ಸಂಚಿಕೆಯಲ್ಲಿ ಉಚಿತವೆಂದು ತೋರಿದ್ದರಿಂದ, ಅಮೆರಿಕಾ ದೇಶದ ಕಾಲೇಜು ಹೆಣ್ಣುಮಕ್ಕಳ ವಾಲಿಬಾಲಿನಲ್ಲಿ ೨೦೧೦ನೆಯ ಇಸವಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ವಿವರಿಸುತ್ತೇವೆ.

ಅಷ್ಟು ದೂರದ ದೇಶದ ಮಾತೇಕೆಂದು ಕೆಲವರು ಕೇಳಬಹುದು. ಆಟವು ಹುಟ್ಟಿದ್ದೇ ಅಲ್ಲಿ. ಅದೂ ಒಂದು ಕ್ರೈಸ್ತ ಸಂಘದ ಅಂಗಸಾಧನೆಯ ಮನೆಯಲ್ಲಿ. ೧೮೯೫ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಹೋಲ್ಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ವಿಲಿಯಂ ಜಿ. ಮಾರ್ಗನ್ ಎಂಬವರು, ಬ್ಯಾಸ್ಕೆಟ್‌ಬಾಲಿನ ಓಟವನ್ನೂ ನೂಕುನುಗ್ಗಲನ್ನೂ ತಾಳಲಾರದ ನಡುಪ್ರಾಯದ ವರ್ತಕರಿಗಾಗಿ ಇದನ್ನು ಕಲ್ಪಿಸಿದರು. ಮೊದಲಲ್ಲಿ ಇದಕ್ಕೆ ಮಿಂಟೊನೆಟ್ ಎಂಬ ಹೆಸರಿದ್ದಿತು. ಮರುವರ್ಷ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಡಿ ತೋರಿಸಿದಾಗ ವಾಲಿಬಾಲ್ ಎಂದಾಯಿತು. ಅದೇ ಸಂಘದ ಕಾರ್ಯಕರ್ತರು ಆಟವನ್ನು ಪೂರ್ವದೇಶಗಳಿಗೂ ಕೊಂಡುಬಂದರು. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ೧೯೨೦ರಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ವಿದ್ಯಾಲಯದಲ್ಲಿ ತರಬೇತು ಹೊಂದಿದ ಶಿಕ್ಷಕರು ದಕ್ಷಿಣ ಭಾರತದ ಎಷ್ಟೋ ಶಾಲೆಗಳಲ್ಲಿ ಕೆಲಸ ಮಾಡಿರುತ್ತಾರೆ. ವರ್ತಕರ ಆಯಾಸವನ್ನು ಕಡಮೆ ಮಾಡುವುದಕ್ಕೆಂದು ಹುಟ್ಟಿದ ಆಟವನ್ನು ಈಗಿನ ಕಾಲೇಜು ಹುಡುಗಿಯರು ಆಡುವ ರಭಸವನ್ನು ಮಾರ್ಗನ್ನರು ನೋಡಿದ್ದರೆ ಏನೆನ್ನುತ್ತಿದ್ದರೋ ಕಾಣೆವು!

ಅಲ್ಲಿಯೂ ಹೆಣ್ಣುಮಕ್ಕಳಿಗೆ ಆಟದ ಬಯಲು ಸುಲಭವಾಗಿ ದೊರೆಯಲಿಲ್ಲ. ಸರಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡು ಹೆಣ್ಣು ಎಂಬ ಭೇದ ಮಾಡಕೂಡದೆಂಬ ಕಾಯಿದೆಯು ೧೯೭೨ರಲ್ಲಿ ಆದ ತರುವಾಯವೇ ಕಾಲೇಜುಗಳು ಹುಡುಗಿಯರ ತಂಡಗಳಿಗೆ ಹಣವನ್ನೂ ಶಿಕ್ಷಕರನ್ನೂ ವಿದ್ಯಾರ್ಥಿವೇತನಗಳನ್ನೂ ಒದಗಿಸತೊಡಗಿದವು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದವರು ಸ್ತ್ರೀಯರ ವಾಲಿಬಾಲ್ ಪ್ರಶಸ್ತಿ ಪಂದ್ಯಗಳನ್ನು ಮೊದಲು ನಡೆಯಿಸಿದ್ದು ೧೯೮೧ರಲ್ಲಿ. ಈಗ ಅದಕ್ಕಿರುವ ಜನಾದರವನ್ನು ಒಂದೇ ಸಂಖ್ಯೆಯಿಂದ ತಿಳಿಯಬಹುದು: ೨೦೨೩ನೆಯ ಆಗಸ್ಟ್ ೩೦ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹುಡುಗಿಯರು ತಮ್ಮ ಫುಟ್‌ಬಾಲ್ ಮೈದಾನದ ನಡುವೆ ಬಲೆ ಕಟ್ಟಿ ಆಡಿದ ಪಂದ್ಯಕ್ಕೆ ೯೨,೦೦೩ ಜನರು ನೆರೆದಿದ್ದರು.

ಇನ್ನು ಪ್ರಕೃತಕ್ಕೆ ಬರೋಣ. ಪೆನ್ಸಿಲ್ವೇನಿಯಾ ಪ್ರಾಂತದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವು ೨೦೦೭ನೆಯ ಸೆಪ್ಟೆಂಬರಿನಲ್ಲಿ, ಅಂದರೆ ಆಟದ ಕಾಲವು ಆರಂಭವಾದ ಕೆಲವೇ ವಾರಗಳಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ತಂಡಕ್ಕೆ ಸೋತಿತು. ಅದರ ತರುವಾಯ ಮೂರು ವರ್ಷಗಳ ಪರ್ಯಂತ ಅದಕ್ಕೆ ಸೋಲೆಂಬುದೇ ಇಲ್ಲವಾಯಿತು. ಆ ವರ್ಷದ ಡಿಸೆಂಬರಿನ ಕೊನೆಯ ಪಂದ್ಯದಲ್ಲಿ ಎದುರಾದದ್ದು ಮತ್ತೆ ಅದೇ ಸ್ಟ್ಯಾನ್‌ಫರ್ಡ್. ಐದು ಸೆಟ್ಟುಗಳ ಹೋರಾಟದಲ್ಲಿ ಪೆನ್ ಸ್ಟೇಟ್ ಗೆದ್ದಿತು. ೨೦೦೮ರಲ್ಲಿ ೩೮ ಪಂದ್ಯಗಳನ್ನಾಡಿ ೩೮ನ್ನೂ ಗೆದ್ದರು. ಆ ವರ್ಷವೆಲ್ಲಾ ಅವರು ಕಳೆದುಕೊಂಡ ಸೆಟ್ಟುಗಳು ಎರಡೇ ಎರಡು. ಕೊನೆಯ ಪಂದ್ಯದಲ್ಲಿ ಸೋತವರು ಮತ್ತೊಮ್ಮೆ ಸ್ಟ್ಯಾನ್‌ಫರ್ಡಿನವರೇ. ೨೦೦೯ರಲ್ಲಿಯೂ ೩೮ಕ್ಕೆ ೩೮. ಅಂತಿಮ ಪಂದ್ಯದಲ್ಲಿ ಟೆಕ್ಸಾಸ್ ತಂಡಕ್ಕೆ ಮೊದಲೆರಡು ಸೆಟ್ಟುಗಳನ್ನು ಒಪ್ಪಿಸಿಯೂ ಉಳಿದ ಮೂರನ್ನು ಗೆದ್ದುಕೊಂಡರು. ಹೀಗೆ ೨೦೧೦ನೆಯ ಸೆಪ್ಟೆಂಬರಿನ ಎರಡನೆಯ ವಾರದ ಹೊತ್ತಿಗೆ ಎಡೆಬಿಡದೆ ಬಂದ ಜಯಗಳ ಸಂಖ್ಯೆ ೧೦೯ಕ್ಕೆ ಮುಟ್ಟಿತು. ಸ್ತ್ರೀಯರ ಕಾಲೇಜು ವಾಲಿಬಾಲಿನ ಮೇಲ್ತರಗತಿಯಲ್ಲಿ ಅದಕ್ಕೆ ಮೊದಲು ಯಾರೂ ಅಷ್ಟು ದೂರ ಹೋಗಿದ್ದಿಲ್ಲ.

ಸೆಪ್ಟೆಂಬರ್ ೧೧ರಂದು, ಆ ವರ್ಷದ ಎಂಟನೆಯ ಪಂದ್ಯದಲ್ಲಿ, ಸ್ಟ್ಯಾನ್‌ಫರ್ಡ್ ಎದುರಾಯಿತು; ಒಂದು ಸೆಟ್ಟನ್ನೂ ಬಿಡದೆ ಮೂರಕ್ಕೆ ಮೂರನ್ನೂ ಗೆದ್ದಿತು. ಸೋಲಿಗಿಂತಲೂ ಸೋತ ಬಗೆಯೇ ನೋಡಿದವರಿಗೆ ಅನಿರೀಕ್ಷಿತವಾಗಿದ್ದಿತು. ದಾವೀದನು ಗೊಲ್ಯಾತನನ್ನು ಕೆಡವಿದ ಕಥೆಯನ್ನು ಇಲ್ಲಿ ಹೋಲಿಕೆಗೆ ತರುವುದು ಸುಲಭ. ಆದರೆ ಅದು ಸರಿಯಲ್ಲ. ಸ್ಟ್ಯಾನ್‌ಫರ್ಡ್ ಕವಣೆ ಹಿಡಿದ ಕುರುಬರ ಹುಡುಗನಲ್ಲ. ತಾನೂ ಪ್ರಬಲವಾದ ತಂಡವೇ. ೨೦೦೬, ೨೦೦೭, ೨೦೦೮ ಹೀಗೆ ಮೂರು ವರ್ಷ ಒಂದರ ಹಿಂದೊಂದು ಅಂತಿಮ ಪಂದ್ಯದವರೆಗೆ ಹೋಗಿ, ಮೂರರಲ್ಲಿಯೂ ಸೋತು ಹಿಂದಿರುಗಿದ ತಂಡವದು. ಆ ತಂಡದ ಅಲಿಕ್ಸ್ ಕ್ಲೈನ್ಮನ್ ಎಂಬ ಹುಡುಗಿಯು ಕಾಲೇಜಿಗೆ ಸೇರಿದ ಮೊದಲ ವರ್ಷವೇ ೨೦೦೭ರ ಅಂತಿಮ ಪಂದ್ಯದ ಸೋಲನ್ನೂ, ಎರಡನೆಯ ವರ್ಷ ೨೦೦೮ರದನ್ನೂ ಕಂಡವಳು. ನಾಲ್ಕನೆಯ ವರ್ಷದಲ್ಲಿ ಈ ಜಯವನ್ನು ಕಂಡಳು. ಮುಂದೆ ಆಕೆಯು ಮರಳಿನ ಮೇಲೆ ಇಬ್ಬಿಬ್ಬರಾಗಿ ಆಡುವ ಬೀಚ್ ವಾಲಿಬಾಲಿಗೆ ತಿರುಗಿ, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಏಪ್ರಿಲ್ ರಾಸ್ ಎಂಬಾಕೆಯ ಜೊತೆಗೂಡಿ ಚಿನ್ನದ ಪದಕವನ್ನು ಪಡೆದಳು. ಹೈಸ್ಕೂಲು ಮುಗಿದೊಡನೆ ಹುಡುಗಿಯ ಆಟವೂ ಮುಗಿಯಿತೆಂದು ಎಣಿಸುವವರು ಈ ವಯಸ್ಸನ್ನು ಗಮನಿಸಬೇಕಾಗಿ ಕೋರುತ್ತೇವೆ.

ಇಂಥ ಸೋಲು ಏತಕ್ಕೆ ಬರುತ್ತದೆ? ಪೆನ್ ಸ್ಟೇಟಿನ ಹುಡುಗಿಯರು ಗರ್ವದಿಂದ ಮೈಮರೆತರೆಂದು ಹೇಳಿಬಿಡುವುದು ಸುಲಭ; ಉಪದೇಶಕ್ಕೂ ಅನುಕೂಲ. ನಮಗೆ ಹಾಗೆ ತೋರುವುದಿಲ್ಲ. ಕಾಲೇಜು ತಂಡವೆಂಬುದು ಹೆಸರಿಗೆ ಒಂದೇ ಆದರೂ ವರ್ಷ ವರ್ಷಕ್ಕೂ ಬೇರೆಯಾಗುವಂಥದು. ಮೇಗನ್ ಹಾಜ್ ಎಂಬ ಮುಖ್ಯ ಹೊಡೆತಗಾರ್ತಿಯೂ, ಅಲಿಶಾ ಗ್ಲಾಸ್ ಎಂಬ ಸೆಟ್ಟರೂ ೨೦೦೯ರೊಂದಿಗೆ ತಮ್ಮ ನಾಲ್ಕು ವರ್ಷಗಳನ್ನು ಪೂರೈಸಿ ಹೊರಟುಹೋಗಿದ್ದರು. ಸೆಟ್ಟರ್ ಎಂದರೆ ಚೆಂಡನ್ನು ಬಲೆಯ ಬಳಿ ಎತ್ತಿಕೊಡುವವಳು. ಆಟವನ್ನು ಆಡಿದವರಿಗೆ ಆಕೆಯ ಬೆಲೆ ಗೊತ್ತು. ಚಪ್ಪಾಳೆಯೆಲ್ಲಾ ಹೊಡೆದವಳಿಗೇ ಸಲ್ಲುವುದರಿಂದ ನೋಡುವವರಿಗೆ ಗೊತ್ತಾಗುವುದು ಕಷ್ಟ. ಒಬ್ಬೊಬ್ಬಳು ಎಷ್ಟು ಎತ್ತರದ, ಎಷ್ಟು ವೇಗದ ಚೆಂಡನ್ನು ಬಯಸುವಳೆಂಬುದು ಸೆಟ್ಟರಳ ಕೈಗೆ ಅಭ್ಯಾಸದಿಂದ ಬರತಕ್ಕದ್ದು. ವರ್ಷಗಟ್ಟಲೆ ಒಂದೇ ಕೈಯಿಂದ ಚೆಂಡನ್ನು ಪಡೆದವರು ಹೊಸ ಕೈಗೆ ಒಗ್ಗಬೇಕಾದರೆ ಎಂಟು ಪಂದ್ಯಗಳು ಏತಕ್ಕೂ ಸಾಲವು.

ಎರಡನೆಯದಾಗಿ, ಈ ಆಟದಲ್ಲಿ ಎಳೆಯವಳನ್ನು ಮರೆಮಾಡಿ ಇಡುವುದಕ್ಕೆ ಸ್ಥಳವಿಲ್ಲ. ಎದುರಾಳಿಗಳಿಂದ ಸರ್ವಿಸನ್ನು ಕಿತ್ತುಕೊಂಡಾಗಲೆಲ್ಲಾ ಆರು ಮಂದಿಯೂ ಗಡಿಯಾರದ ಮುಳ್ಳಿನಂತೆ ಒಂದೊಂದು ಸ್ಥಾನ ಸರಿಯಬೇಕೆಂಬುದು ನಿಯಮ. ಬದಲಿ ಆಟಗಾರ್ತಿಯರೂ, ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬೆರೋ ಎಂಬವಳೂ ಇರುವರಾದರೂ, ಚೆಂಡನ್ನು ಬರಮಾಡಿಕೊಳ್ಳುವವರಲ್ಲಿ ಯಾರ ಕೈ ನಡುಗುತ್ತಿದೆ ಎಂಬುದನ್ನು ಜಾಣರಾದ ಎದುರಾಳಿಗಳು ಎರಡೇ ಸರ್ವಿಸುಗಳಲ್ಲಿ ಕಂಡುಹಿಡಿದುಬಿಡುತ್ತಾರೆ. ಆಮೇಲೆ ಚೆಂಡೆಲ್ಲಾ ಅವಳ ಮೇಲೆಯೇ ಬರುತ್ತದೆ. ಮನೆಗೆ ಬಂದು ಅಳುವವಳು ಸಾಮಾನ್ಯವಾಗಿ ಈಕೆಯೇ.

ಅಂಕಗಳ ಲೆಕ್ಕವೂ ಇದಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಹಿರಿಯ ವಿದ್ಯಾರ್ಥಿನಿಯರು ಆಡಿದ ಕಾಲದಲ್ಲಿ ಸರ್ವಿಸ್ ಮಾಡುವ ಪಕ್ಷಕ್ಕೆ ಮಾತ್ರ ಅಂಕ ದೊರೆಯುತ್ತಿದ್ದಿತು. ಸೆಟ್ಟಿಗೆ ೧೫ ಅಂಕಗಳು. ಅಮೆರಿಕಾದ ಸ್ತ್ರೀಯರ ಕಾಲೇಜು ಆಟದಲ್ಲಿ ೨೦೦೧ರಿಂದ ಪ್ರತಿಯೊಂದು ಚೆಂಡಿಗೂ ಯಾರಿಗಾದರೂ ಅಂಕವುಂಟು. ೨೦೦೮ರಿಂದ ಮೊದಲ ನಾಲ್ಕು ಸೆಟ್ಟುಗಳು ೨೫ಕ್ಕೆ, ಐದನೆಯದು ೧೫ಕ್ಕೆ. ಹಿಂದಿನ ಪದ್ಧತಿಯಲ್ಲಿ ಹಿಂದೆ ಬಿದ್ದ ತಂಡವು ಎದುರಾಳಿಯ ಸರ್ವಿಸನ್ನು ಮತ್ತೆ ಮತ್ತೆ ಮುರಿದು ಕಾಲವನ್ನು ಕೊಂಡುಕೊಳ್ಳಬಹುದಾಗಿತ್ತು. ಈಗ ಹತ್ತು ನಿಮಿಷ ಗಲಿಬಿಲಿಯಾದರೆ ಸೆಟ್ಟೇ ಕೈಬಿಟ್ಟುಹೋಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದುಂಟು. ಅಲ್ಲಿಯ ಪ್ರಬಲ ತಂಡಗಳು ಆಟದ ಕಾಲದ ಮೊದಲ ವಾರಗಳಲ್ಲಿ ಬೇಕೆಂದೇ ಕಠಿಣರಾದ ಎದುರಾಳಿಗಳನ್ನು ಹುಡುಕಿಕೊಂಡು ಹೋಗುತ್ತವೆ. ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನವರೆಗೆ ದೂರದ ಕಾಲೇಜುಗಳೊಡನೆ, ಆಮೇಲೆ ತಮ್ಮ ಕೂಟದೊಳಗಿನ ನೆರೆಯವರೊಡನೆ ಆಟ. ಪೆನ್ ಸ್ಟೇಟಿನ ಕೂಟಕ್ಕೆ ‘ದೊಡ್ಡ ಹತ್ತು’ ಎಂಬರ್ಥದ ಬಿಗ್ ಟೆನ್ ಎಂದು ಹೆಸರು. ೨೦೧೦ರಲ್ಲಿ ಅದರಲ್ಲಿದ್ದ ವಿದ್ಯಾಲಯಗಳು ಹನ್ನೊಂದು, ಈಗ ಹದಿನೆಂಟು. ನಮ್ಮ ಗಣಿತದ ಉಪಾಧ್ಯಾಯಿನಿಯವರು ಕ್ಷಮಿಸಬೇಕು! ಡಿಸೆಂಬರಿನ ಪ್ರಶಸ್ತಿ ಪಂದ್ಯಗಳಿಗೆ ೬೪ ತಂಡಗಳನ್ನು ಆರಿಸುವ ಮಂಡಲಿಯವರು ಎಷ್ಟು ಗೆದ್ದರೆಂಬುದನ್ನು ಮಾತ್ರವಲ್ಲ, ಯಾರೊಡನೆ ಆಡಿದರೆಂಬುದನ್ನೂ ನೋಡುತ್ತಾರೆ. ಆದುದರಿಂದ ದುರ್ಬಲರನ್ನು ಸೋಲಿಸಿ ಲೆಕ್ಕ ತುಂಬಿಸಿಕೊಳ್ಳುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಬಲಿಷ್ಠರಿಗೆ ಸೋತರೆ ದೊಡ್ಡ ನಷ್ಟವೂ ಇಲ್ಲ.

ಪೆನ್ ಸ್ಟೇಟ್ ಆ ವರ್ಷ ಅದೊಂದೇ ಸಲ ಸೋಲಲಿಲ್ಲ. ಇನ್ನೂ ನಾಲ್ಕು ಸಲ ಸೋತಿತು. ಎರಡು ವರ್ಷ ಸೋಲನ್ನೇ ಕಾಣದಿದ್ದ ತಂಡಕ್ಕೆ ಒಂದೇ ವರ್ಷದಲ್ಲಿ ಐದು ಸೋಲುಗಳು. ಅವರ ಶಿಕ್ಷಕರಾದ ರಸ್ ರೋಸ್ ಎಂಬವರು ೧೯೭೯ರಿಂದ ಅದೇ ತಂಡವನ್ನು ತಿದ್ದುತ್ತಾ ಬಂದಿದ್ದವರು. ಸೋತ ಹುಡುಗಿಯರನ್ನು ಮೂಲೆಗೆ ತಳ್ಳಲಿಲ್ಲ. ಹಿಂದಿನ ಮೂರು ಜಯಗಳನ್ನು ಕಂಡಿದ್ದ ಬ್ಲೇರ್ ಬ್ರೌನ್, ಏರಿಯಲ್ ವಿಲ್ಸನ್, ಅಲಿಸಾ ಡೆರಿಕೊ ಎಂಬ ಹಿರಿಯರ ಜೊತೆಯಲ್ಲಿ ಆ ವರ್ಷವಷ್ಟೇ ಕಾಲೇಜಿಗೆ ಬಂದ ಡೇಜಾ ಮೆಕ್ಲೆಂಡನ್ ಎಂಬವಳೂ ಆಡುತ್ತಾ ಹೋದಳು. ಡಿಸೆಂಬರಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪೆನ್ ಸ್ಟೇಟ್ ಕ್ಯಾಲಿಫೋರ್ನಿಯಾ ತಂಡವನ್ನು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿ ನಾಲ್ಕನೆಯ ವರ್ಷವೂ ಪ್ರಶಸ್ತಿಯನ್ನು ಪಡೆಯಿತು. ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯೆಂದು ಆರಿಸಲ್ಪಟ್ಟವಳು ಮೊದಲ ವರ್ಷದ ಮೆಕ್ಲೆಂಡನ್ನೇ. ಸೆಪ್ಟೆಂಬರಿನಲ್ಲಿ ಅವರನ್ನು ಸೋಲಿಸಿದ್ದ ಸ್ಟ್ಯಾನ್‌ಫರ್ಡ್ ಆ ಸಲ ಕೊನೆಯ ನಾಲ್ವರಲ್ಲಿಯೂ ಇರಲಿಲ್ಲ.

ಇಂಥದು ಅದೊಂದೇ ಸಲ ನಡೆದದ್ದಲ್ಲ. ೨೦೧೭ರಲ್ಲಿ ನೆಬ್ರಾಸ್ಕಾದವರು ವರ್ಷದ ಮೊದಲ ಎರಡು ಪಂದ್ಯಗಳನ್ನು ಆರೆಗಾನ್ ಮತ್ತು ಫ್ಲೋರಿಡಾ ತಂಡಗಳಿಗೆ ಒಪ್ಪಿಸಿ, ಡಿಸೆಂಬರಿನಲ್ಲಿ ಅದೇ ಫ್ಲೋರಿಡಾ ತಂಡವನ್ನು ಸೋಲಿಸಿ ಪ್ರಶಸ್ತಿಯನ್ನು ಪಡೆದರು. ಹಳೆಯ ವಿದ್ಯಾರ್ಥಿನಿಯರಿಗೆ ಹಿತವಾಗತಕ್ಕ ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ರೋಸ್ ಅವರು ೨೦೨೧ರ ಕೊನೆಗೆ ನಿವೃತ್ತರಾದ ಮೇಲೆ ಪೆನ್ ಸ್ಟೇಟ್ ತಂಡವನ್ನು ವಹಿಸಿಕೊಂಡವರು ಕೇಟಿ ಶೂಮಾಕರ್ ಕಾಲಿ ಎಂಬಾಕೆ. ೧೯೯೯ರಲ್ಲಿ ಪ್ರಶಸ್ತಿ ಪಡೆದ ಅದೇ ತಂಡದಲ್ಲಿ ಆಡಿದ್ದ ಹಳೆಯ ವಿದ್ಯಾರ್ಥಿನಿ. ೨೦೨೪ರಲ್ಲಿ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವಾಗಲೇ ತಂಡವನ್ನು ನಡೆಯಿಸಿ ಪ್ರಶಸ್ತಿಯನ್ನು ಗೆಲ್ಲಿಸಿದರು. ಆ ಸಂಘದ ಮೇಲ್ತರಗತಿಯ ಸ್ತ್ರೀಯರ ವಾಲಿಬಾಲಿನಲ್ಲಿ ಸ್ತ್ರೀ ಶಿಕ್ಷಕಿಯೊಬ್ಬರ ತಂಡವು ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ೧೯೮೧ರಿಂದ ೨೦೨೪ರವರೆಗೆ ಕಾಯಬೇಕಾಯಿತೆಂದರೆ ನಮಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಖೇದವೇ ಆಗುತ್ತದೆ.

ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿರುವುದನ್ನು ಮರೆಮಾಚುವುದು ಸರಿಯಲ್ಲ. ಅಲ್ಲಿ ಸೆಪ್ಟೆಂಬರಿನಲ್ಲಿ ಸೋತವರ ಮುಂದೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಇರುತ್ತವೆ. ನಮ್ಮ ತಾಲ್ಲೂಕಿನ ಪಂದ್ಯಗಳಲ್ಲಿ ಒಮ್ಮೆ ಸೋತ ಶಾಲೆಯು ಆ ದಿವಸವೇ ಬಸ್ಸು ಹತ್ತಿ ಊರಿಗೆ ಹಿಂದಿರುಗಬೇಕು. ವರ್ಷದ ಆಟವೇ ಮುಗಿದಂತೆ. ಚೆಂಡನ್ನು ಬರಮಾಡಿಕೊಳ್ಳಲಾರದೆ ಅತ್ತ ಎಂಟನೆಯ ತರಗತಿಯ ಹುಡುಗಿಗೆ ತನ್ನ ಕೈಯನ್ನು ತಿದ್ದಿಕೊಂಡು ಇನ್ನೊಂದು ಪಂದ್ಯವನ್ನಾಡುವ ಅವಕಾಶವೇ ದೊರೆಯುವುದಿಲ್ಲ. ಅದೇ ವಾರದಲ್ಲಿ ತಂದೆಯ ಕಾಗದವೂ ಬಂದುಬಿಟ್ಟರೆ, ಆಕೆಯ ಮನಸ್ಸಿನಲ್ಲಿ ಆ ಒಂದು ದಿನದ ಆಟವೇ ಕೊನೆಯ ತೀರ್ಪಾಗಿ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಅವಳಿಗೆ ಇನ್ನೂ ಎರಡು ವರ್ಷಗಳಿರುತ್ತವೆ. ಆ ಎರಡು ವರ್ಷಗಳನ್ನೇ ನಾವು ಪೋಷಕರಿಂದ ಬೇಡುತ್ತಿರುವುದು.

ಹಳೆಯ ವಿದ್ಯಾರ್ಥಿನಿಯರಿಂದ ಬೇಡುವುದು ಇನ್ನೂ ಸುಲಭವಾದದ್ದು. ತಾಲ್ಲೂಕಿನ ಪಂದ್ಯಗಳಿಗೆ ಮೊದಲು ನಮ್ಮ ಹುಡುಗಿಯರಿಗೆ ಬಲವಾದ ಎದುರಾಳಿಗಳು ಬೇಕಾಗಿದ್ದಾರೆ. ಊರಿನಲ್ಲಿಯೂ ಸುತ್ತಮುತ್ತಲೂ ಇರುವ ನೀವು ಆರೇಳು ಮಂದಿ ಕೂಡಿ, ಶಾಲೆ ತೆರೆದ ಮೇಲಿನ ನಾಲ್ಕು ಶನಿವಾರಗಳ ಸಾಯಂಕಾಲ ಬಯಲಿಗೆ ಬಂದು, ದಾಕ್ಷಿಣ್ಯವಿಲ್ಲದೆ ನಮ್ಮ ತಂಡವನ್ನು ಸೋಲಿಸಿಕೊಡಬೇಕಾಗಿ ಪ್ರಾರ್ಥನೆ. ಬರತಕ್ಕವರು ಕಚೇರಿಯಲ್ಲಿ ಹೆಸರು ಕೊಟ್ಟರೆ ಸಾಕು. ಚೆಂಡೂ ಬಲೆಯೂ ಶಾಲೆಯವು. ಆಟ ಮುಗಿದ ಮೇಲೆ ಕಾಫಿಯ ಏರ್ಪಾಟೂ ಉಂಟು.