ಹಳೆಯ ಸುದ್ದಿ, ಹೊಸ ಗಾಬರಿ: ಸುದ್ದಿ ಸಂಗ್ರಾಹಕ ತಾಣಗಳನ್ನು ಓದುವ ಬಗೆ

2008ರ ಸೆಪ್ಟೆಂಬರ್ 8, ಸೋಮವಾರ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ವಿಮಾನಯಾನ ಸಂಸ್ಥೆಯ ಮಾತೃಸಂಸ್ಥೆಯಾದ ಯುಎಎಲ್‌ನ ಷೇರು ಅಂದು ಬೆಳಿಗ್ಗೆ ಸುಮಾರು 12 ಡಾಲರ್ ಬೆಲೆಗೆ ಮಾರಾಟವಾಗುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಅದು 3 ಡಾಲರ್ ಸಮೀಪಕ್ಕೆ ಕುಸಿಯಿತು. ಸಂಸ್ಥೆಯ ಮಾರುಕಟ್ಟೆ ಮೌಲ್ಯದಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಕರಗಿದ ಮೇಲೆ ನಾಸ್ಡಾಕ್ ಷೇರು ವಿನಿಮಯ ಕೇಂದ್ರವು ವಹಿವಾಟನ್ನು ತಡೆಹಿಡಿಯಿತು. ಅಂದು ಯಾವ ದುರಂತವೂ ಸಂಭವಿಸಿರಲಿಲ್ಲ. ಸಂಸ್ಥೆ ದಿವಾಳಿ ಅರ್ಜಿಯನ್ನೂ ಸಲ್ಲಿಸಿರಲಿಲ್ಲ. ಆರು ವರ್ಷ ಹಳೆಯ ಸುದ್ದಿಯೊಂದು ಹೊಸದೆಂಬಂತೆ ಗಣಕಯಂತ್ರಗಳ ತೆರೆಯ ಮೇಲೆ ಮೂಡಿತ್ತು, ಅಷ್ಟೆ.

ನೂರಾರು ಪತ್ರಿಕೆಗಳ ಸುದ್ದಿಯನ್ನು ಒಂದೇ ಪುಟದಲ್ಲಿ ಜೋಡಿಸಿಕೊಡುವ ತಾಣಗಳಿಗೆ ನ್ಯೂಸ್ ಅಗ್ರಿಗೇಟರ್, ಅಂದರೆ ಸುದ್ದಿ ಸಂಗ್ರಾಹಕ ಎಂದು ಹೆಸರು. ಇಂದು ನಗರವಾಸಿ ಓದುಗರಲ್ಲಿ ಅನೇಕರ ದಿನ ಆರಂಭವಾಗುವುದೇ ಮೊಬೈಲಿನಲ್ಲಿ ಇಂತಹ ಪುಟವನ್ನು ತೆರೆಯುವುದರಿಂದ. ಈ ಅನುಕೂಲದ ಬೆನ್ನಿಗೇ ಇರುವ ಅಪಾಯವನ್ನು ಅರಿಯಲು ಯುಎಎಲ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ನಡೆದದ್ದೇನು?

ಯುನೈಟೆಡ್ ಏರ್‌ಲೈನ್ಸ್ 2002ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಗಿದ್ದು ನಿಜ. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಆಗ ಅದನ್ನು ವರದಿ ಮಾಡಿತ್ತು. 2006ರ ಫೆಬ್ರುವರಿಯಲ್ಲಿ ಸಂಸ್ಥೆ ಆ ಸಂಕಷ್ಟದಿಂದ ಹೊರಬಂದಿತು. ಹಳೆಯ ವರದಿ ಮಾತ್ರ ಅದೇ ಸಮೂಹಕ್ಕೆ ಸೇರಿದ ಫ್ಲಾರಿಡಾದ ‘ಸನ್-ಸೆಂಟಿನೆಲ್’ ಪತ್ರಿಕೆಯ ಜಾಲತಾಣದ ಕಡತದಲ್ಲಿ ಉಳಿದಿತ್ತು.

2008ರ ಸೆಪ್ಟೆಂಬರ್ 7, ಭಾನುವಾರದ ನಸುಕಿನಲ್ಲಿ ಯಾರೋ ಆ ವರದಿಯನ್ನು ತೆರೆದರು. ತಾಣಕ್ಕೆ ಓದುಗರು ಬಹಳ ಕಡಿಮೆ ಬರುವ ಹೊತ್ತು ಅದು. ಆದ್ದರಿಂದ ಆ ಒಂದು ಭೇಟಿಯೇ ವಾಣಿಜ್ಯ ವಿಭಾಗದ ‘ಹೆಚ್ಚು ಓದಲಾದ ಸುದ್ದಿಗಳು’ ಪಟ್ಟಿಗೆ ಆ ವರದಿಯನ್ನು ಏರಿಸಲು ಸಾಕಾಯಿತೆಂದು ಟ್ರಿಬ್ಯೂನ್ ಸಂಸ್ಥೆ ನಂತರ ತಿಳಿಸಿತು. ಜಾಲತಾಣಗಳನ್ನು ಸದಾ ಜಾಲಾಡುವ ಗೂಗಲ್ ತಂತ್ರಾಂಶದ ಕಣ್ಣಿಗೆ ಆ ಪಟ್ಟಿಯ ಹೊಸ ಕೊಂಡಿ ಬಿತ್ತು. ವರದಿಯಲ್ಲಿ ಪ್ರಕಟಣೆಯ ದಿನಾಂಕವಿರಲಿಲ್ಲ. ಪುಟದ ತಲೆಭಾಗದಲ್ಲಿ ಅಂದಿನ ದಿನಾಂಕವಿತ್ತು. ಯಂತ್ರ ಅದನ್ನು ತಾಜಾ ಸುದ್ದಿ ಎಂದೇ ಭಾವಿಸಿ ಗೂಗಲ್ ನ್ಯೂಸ್‌ಗೆ ಸೇರಿಸಿತು.

ಮರುದಿನ ಫ್ಲಾರಿಡಾದ ಹೂಡಿಕೆ ಸಲಹಾ ಸಂಸ್ಥೆಯೊಂದರ ಸಿಬ್ಬಂದಿ ದಿವಾಳಿ ಸುದ್ದಿಗಳನ್ನು ಹುಡುಕುತ್ತಿದ್ದಾಗ ಈ ವರದಿ ಸಿಕ್ಕಿತು. ಅದರ ಸಾರಾಂಶ ಬ್ಲೂಮ್‌ಬರ್ಗ್ ಸೇವೆಯ ಮೂಲಕ ಷೇರು ವ್ಯಾಪಾರಿಗಳ ತೆರೆಗಳಿಗೆ ತಲುಪಿತು. ಕಚ್ಚಾ ತೈಲದ ಬೆಲೆ ಗಗನಕ್ಕೇರಿ ವಿಮಾನಯಾನ ಸಂಸ್ಥೆಗಳು ತತ್ತರಿಸುತ್ತಿದ್ದ ವರ್ಷವದು. ಹಾಗಾಗಿ ಸುದ್ದಿಯನ್ನು ನಂಬಲು ಮನಸ್ಸುಗಳು ಮೊದಲೇ ಸಿದ್ಧವಾಗಿದ್ದವು.

ಸತ್ಯ ಹೊರಬಿದ್ದ ಮೇಲೆ ಷೇರು ಚೇತರಿಸಿಕೊಂಡು ದಿನದ ಕೊನೆಗೆ ಸುಮಾರು 11 ಡಾಲರ್ ಬಳಿ ನಿಂತಿತು. ಆದರೆ ನಡೆದ ವಹಿವಾಟುಗಳನ್ನು ರದ್ದುಪಡಿಸಲಾಗದೆಂದು ನಾಸ್ಡಾಕ್ ಹೇಳಿತು. ಗಾಬರಿಯಲ್ಲಿ ಮೂರು ನಾಲ್ಕು ಡಾಲರ್‌ಗೆ ಷೇರು ಮಾರಿದವರ ನಷ್ಟ ನಷ್ಟವಾಗಿಯೇ ಉಳಿಯಿತು. ತಪ್ಪು ಯಾರದೆಂಬ ಬಗ್ಗೆ ಟ್ರಿಬ್ಯೂನ್ ಮತ್ತು ಗೂಗಲ್ ಪರಸ್ಪರರತ್ತ ಬೆರಳು ತೋರಿಸಿದವು. ವರದಿಯನ್ನು ಪೂರ್ತಿ ಓದಿದ್ದರೆ ಅದು 2002ರ ಸಂಗತಿ ಎಂದು ಯಾರಿಗಾದರೂ ತಿಳಿಯುತ್ತಿತ್ತು ಎಂಬುದು ಟ್ರಿಬ್ಯೂನ್ ವಾದ. ಆ ಮಾತಿನಲ್ಲಿ ಹುರುಳಿತ್ತು.

ಯಂತ್ರ ಎಣಿಸುತ್ತದೆ, ವಿಚಾರಿಸುವುದಿಲ್ಲ

ಗೂಗಲ್ ನ್ಯೂಸ್‌ನ ಜನಕ ಕೃಷ್ಣ ಭರತ್ ಬೆಂಗಳೂರಿನಲ್ಲಿ ಶಾಲಾಶಿಕ್ಷಣ ಪಡೆದು, ಮದರಾಸಿನ ಐಐಟಿಯಲ್ಲಿ ಓದಿದವರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಒಂದೇ ಘಟನೆಯನ್ನು ಬೇರೆ ಬೇರೆ ದೇಶಗಳ ಪತ್ರಿಕೆಗಳು ಹೇಗೆ ವರದಿ ಮಾಡುತ್ತಿವೆ ಎಂಬುದನ್ನು ಒಟ್ಟಿಗೆ ನೋಡುವ ಹಂಬಲದಿಂದ ಹುಟ್ಟಿದ ಯೋಜನೆ ಇದು. 2002ರ ಸೆಪ್ಟೆಂಬರ್‌ನಲ್ಲಿ ಅದು ಸಾರ್ವಜನಿಕರಿಗೆ ತೆರೆದುಕೊಂಡಿತು. ಏಕಮುಖ ಓದಿನಿಂದ ಓದುಗನನ್ನು ಬಿಡಿಸುವ ಆ ಉದ್ದೇಶ ನಿಜಕ್ಕೂ ಶ್ಲಾಘನೀಯ.

ಆದರೆ ಇಂತಹ ವ್ಯವಸ್ಥೆ ಕೆಲಸ ಮಾಡುವ ಕ್ರಮವನ್ನು ಮರೆಯಬಾರದು. ತಂತ್ರಾಂಶವು ಜಾಲತಾಣಗಳಿಂದ ಪುಟಗಳನ್ನು ಹೆಕ್ಕುತ್ತದೆ. ಸಮಾನ ಪದಗಳಿರುವ ವರದಿಗಳನ್ನು ಒಂದೇ ಗುಂಪಿಗೆ ಸೇರಿಸುತ್ತದೆ. ಎಷ್ಟು ತಾಣಗಳು ಪ್ರಕಟಿಸಿವೆ, ಎಷ್ಟು ಹೊಸದು, ಓದುಗನ ಆಸಕ್ತಿ ಏನು ಎಂಬ ಲೆಕ್ಕಾಚಾರದ ಮೇಲೆ ಮೇಲು ಕೆಳಗಿನ ಸ್ಥಾನ ನಿರ್ಧರಿಸುತ್ತದೆ. ಪತ್ರಿಕಾ ಕಚೇರಿಯ ಉಪಸಂಪಾದಕ ಅನುಮಾನ ಬಂದಾಗ ವರದಿಗಾರನಿಗೆ ದೂರವಾಣಿ ಕರೆ ಮಾಡಿ ‘ಇದು ಖಚಿತವೇ?’ ಎಂದು ಕೇಳಬಲ್ಲ. ಈ ಲೆಕ್ಕಾಚಾರದಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ.

ನೂರು ತಾಣ, ಒಂದೇ ಮೂಲ

ಒಂದು ಸುದ್ದಿಯ ಕೆಳಗೆ ಇಪ್ಪತ್ತು ಪತ್ರಿಕೆಗಳ ಹೆಸರು ಕಂಡರೆ ಇಪ್ಪತ್ತು ಮಂದಿ ವಿಚಾರಿಸಿ ಬರೆದಿದ್ದಾರೆಂಬ ಭಾವನೆ ಮೂಡುವುದು ಸಹಜ. ವಾಸ್ತವದಲ್ಲಿ ಆ ಇಪ್ಪತ್ತೂ ಪಿಟಿಐ ಅಥವಾ ರಾಯಿಟರ್ಸ್‌ನಂತಹ ಸುದ್ದಿಸಂಸ್ಥೆ ಕಳುಹಿಸಿದ ಒಂದೇ ವರದಿಯ ಪ್ರತಿಗಳಾಗಿರಬಹುದು. ಮೂಲದಲ್ಲಿ ತಪ್ಪಿದ್ದರೆ ಅದು ಇಪ್ಪತ್ತು ಕಡೆ ಪುನರಾವರ್ತನೆಯಾಗುತ್ತದೆ. ಪುನರಾವರ್ತನೆ ಪುರಾವೆಯಲ್ಲ.

‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಸಂಗೀತ ನೀಡಿದ ಫ್ರಾನ್ಸ್‌ನ ಮೋರಿಸ್ ಜಾರ್ 2009ರ ಮಾರ್ಚ್‌ನಲ್ಲಿ ನಿಧನರಾದಾಗ ಇದಕ್ಕೆ ಸಾಕ್ಷಿ ದೊರೆಯಿತು. ಡಬ್ಲಿನ್‌ನ ವಿದ್ಯಾರ್ಥಿಯೊಬ್ಬ ತಾನೇ ಹೆಣೆದ ಮಾತೊಂದನ್ನು ಜಾರ್ ಅವರ ಹೇಳಿಕೆಯೆಂದು ವಿಕಿಪೀಡಿಯಕ್ಕೆ ಸೇರಿಸಿದ. ವಿಕಿಪೀಡಿಯದ ಸಂಪಾದಕರು ಆಧಾರವಿಲ್ಲವೆಂದು ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅದು ಬ್ರಿಟನ್, ಆಸ್ಟ್ರೇಲಿಯ ಮತ್ತು ಭಾರತದ ಪತ್ರಿಕಾ ತಾಣಗಳನ್ನು ಸೇರಿತ್ತು. ಕೆಲವು ವಾರಗಳ ನಂತರ ಆ ವಿದ್ಯಾರ್ಥಿಯೇ ಪತ್ರಿಕೆಗಳಿಗೆ ತಿಳಿಸುವವರೆಗೂ ಮೋಸ ಬಯಲಾಗಲಿಲ್ಲ.

ಶೀರ್ಷಿಕೆಯೇ ಸುದ್ದಿಯಲ್ಲ

ಬೆಂಗಳೂರಿನಲ್ಲೇ ನೆಲೆಸಿರುವ ಡೈಲಿಹಂಟ್‌ನಂತಹ ಸೇವೆಗಳು ಕನ್ನಡ ಪತ್ರಿಕೆಗಳ ಸುದ್ದಿಯನ್ನೂ ಅಂಗೈಗೆ ತಂದಿವೆ. ಇಂತಹ ಪುಟಗಳಲ್ಲಿ ಓದುಗನ ಕಣ್ಣಿಗೆ ಮೊದಲು ಬೀಳುವುದು ಶೀರ್ಷಿಕೆ ಮಾತ್ರ. ಹಲವರ ಓದು ಅಲ್ಲಿಗೇ ಮುಗಿಯುತ್ತದೆ. ಈಚೆಗೆ ಶೀರ್ಷಿಕೆಯನ್ನೂ ಯಂತ್ರವೇ ಸಂಕ್ಷೇಪಿಸಿ ಕೊಡುವ ಪದ್ಧತಿ ಬಂದಿದೆ. ಆಪಲ್ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ 2024ರ ಡಿಸೆಂಬರ್‌ನಲ್ಲಿ ಬಿಬಿಸಿ ಸುದ್ದಿಗಳನ್ನು ಸಂಕ್ಷೇಪಿಸುವಾಗ, ಅಮೆರಿಕದಲ್ಲಿ ಕೊಲೆ ಆರೋಪದ ಮೇಲೆ ಬಂಧಿತನಾಗಿದ್ದ ವ್ಯಕ್ತಿ ತನಗೆ ತಾನೇ ಗುಂಡು ಹಾರಿಸಿಕೊಂಡನೆಂದು ಬಿತ್ತರಿಸಿತು. ಹಾಗೇನೂ ನಡೆದಿರಲಿಲ್ಲ, ಬಿಬಿಸಿ ಹಾಗೆ ವರದಿಯನ್ನೂ ಮಾಡಿರಲಿಲ್ಲ. ಬಿಬಿಸಿ ದೂರು ನೀಡಿತು. 2025ರ ಜನವರಿಯಲ್ಲಿ ಆಪಲ್ ಸುದ್ದಿಗಳ ಸಂಕ್ಷೇಪವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಓದುಗ ಕೇಳಬೇಕಾದ ಪ್ರಶ್ನೆಗಳು

ಹಾಗೆಂದು ಸಂಗ್ರಾಹಕ ತಾಣಗಳನ್ನು ತೊರೆಯಬೇಕಿಲ್ಲ. ಸುದ್ದಿಯನ್ನು ನಂಬುವ ಮೊದಲು, ವಿಶೇಷವಾಗಿ ಅದರ ಆಧಾರದ ಮೇಲೆ ಹಣ ಹೂಡುವ, ಔಷಧಿ ಬದಲಿಸುವ ಅಥವಾ ಬೇರೆಯವರಿಗೆ ರವಾನಿಸುವ ಮೊದಲು, ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು.

ಮೊದಲನೆಯದು, ಇದು ಎಂದಿನ ಸುದ್ದಿ? ಪುಟದ ತಲೆಯಲ್ಲಿರುವ ದಿನಾಂಕವೇ ವರದಿಯ ದಿನಾಂಕವೆಂದು ತಿಳಿಯಬಾರದು. ಒಳಗಿನ ಹೆಸರು, ಹುದ್ದೆ, ಬೆಲೆಗಳು ಈಗಿನವೇ ಎಂದು ನೋಡಬೇಕು. ಎರಡನೆಯದು, ಮೊದಲು ಹೇಳಿದವರು ಯಾರು? ಕೊಂಡಿಯನ್ನು ಒತ್ತಿ ಮೂಲ ತಾಣಕ್ಕೆ ಹೋದರೆ ವರದಿಗಾರನ ಅಥವಾ ಸುದ್ದಿಸಂಸ್ಥೆಯ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಮೂರನೆಯದು, ಮೂಲ ಬೇರೆಯಾದ ಮತ್ತೊಂದು ವರದಿ ಇದನ್ನು ದೃಢಪಡಿಸುತ್ತದೆಯೇ? ಕಂಪನಿ, ನ್ಯಾಯಾಲಯ ಅಥವಾ ಸರ್ಕಾರಕ್ಕೆ ಸಂಬಂಧಿಸಿದ್ದಾದರೆ ಅವರದೇ ಪ್ರಕಟಣೆ ಇದೆಯೇ? ನಾಲ್ಕನೆಯದು, ಶೀರ್ಷಿಕೆ ಹೇಳಿದ್ದನ್ನೇ ವರದಿಯ ಒಡಲೂ ಹೇಳುತ್ತಿದೆಯೇ?

2008ರ ಆ ಸೋಮವಾರ ಮೊದಲ ಪ್ರಶ್ನೆಯನ್ನು ಕೇಳಿಕೊಂಡವರು ಷೇರು ಮಾರುತ್ತಿರಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅಂತರ್ಜಾಲಕ್ಕಿಂತ ಎಷ್ಟೋ ಹಿಂದಿನದು. ತೆರೆಯ ಮೇಲೆ ಕಾಣುವುದಂತೂ ಪ್ರತ್ಯಕ್ಷವೂ ಅಲ್ಲ. ಯಾರೋ ಬರೆದು, ಯಂತ್ರ ಹೆಕ್ಕಿ ತಂದದ್ದು. ಅದನ್ನು ಪ್ರಮಾಣಿಸಿ ನೋಡುವ ಹೊಣೆ ಓದುಗನ ಪಾಲಿಗೆ ಉಳಿದಿದೆ.