ಜೇಬಿನ ಬ್ಯಾಟ್ರಿಗೆ ಯಾವ ಶೆಲ್ಲು?

“ಯಾವ್ದು ಕೊಡ್ಲಿ ಯಜಮಾನ್ರೇ, ಚಾರ್ಜಿಂದೋ ಶೆಲ್ಲಿಂದೋ?”

“ಕತ್ಲಲ್ಲಿ ಕೈ ಕೊಡ್ದಿರೋದು ಯಾವ್ದೋ ಅದ್ನ ಕೊಡಪ್ಪ.”

ತುಮಕೂರಿನ ಬಟವಾಡಿಯಲ್ಲಿ, ಎಪಿಎಂಸಿ ಯಾರ್ಡಿನಿಂದ ಹೊರಬಂದರೆ ಸಿಗುವ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತಿದು. ಹುಣಸೆಹಣ್ಣು ಹಾಕಿ, ದುಡ್ಡು ಎಣಿಸಿಕೊಂಡು ಬಂದಿದ್ದ ಹೆಬ್ಬೂರು ಕಡೆಯ ರೈತರು ಅವರು. ಅಂಗಡಿಯ ಹುಡುಗ ಗಾಜಿನ ಮೇಲೆ ಏಳೆಂಟು ಬ್ಯಾಟ್ರಿಗಳನ್ನು ಸಾಲಾಗಿ ಇಟ್ಟ. ಬೆರಳುದ್ದದ್ದು, ಪೆನ್ನಿನಂಥದ್ದು, ಹಣೆಗೆ ಕಟ್ಟಿಕೊಳ್ಳುವಂಥದ್ದು, ಹಿಂದೆ ಎರಡು ಪಿನ್ನು ಇರುವಂಥದ್ದು. ಹಗಲು ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಎಲ್ಲವೂ ಚೆನ್ನಾಗಿಯೇ ಉರಿದವು. ಅಂಗಡಿಯಲ್ಲಿ ಉರಿಯದ ಬ್ಯಾಟ್ರಿಯನ್ನು ನಾನಂತೂ ಕಂಡಿಲ್ಲ. ಯಜಮಾನರು ಕೇಳಿದ್ದು ಬೇರೆಯದೇ ಪ್ರಶ್ನೆ. ಹುಡುಗನಿಗೆ ಅದು ಅರ್ಥವಾಗಲಿಲ್ಲ. ಅವನು ಬೆಲೆ ಹೇಳತೊಡಗಿದ.

ನಮ್ಮ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಒಳಗೆ ಹಾಕುವ ನಿಜವಾದ ಬ್ಯಾಟರಿ ಶೆಲ್ಲು. ಈ ಲೇಖನದಲ್ಲೂ ಅದೇ ಇರಲಿ.

ಪೇಟೆಯವರು ಕೇಳಬಹುದು, ಮೊಬೈಲಿನಲ್ಲೇ ಲೈಟ್ ಇರುವಾಗ ಇದೆಲ್ಲ ಯಾಕೆ ಎಂದು. ಮೆಟ್ಟಿಲ ಮೇಲೆ ಬಿದ್ದ ಬೀಗದ ಕೈ ಹುಡುಕಲು ಮೊಬೈಲ್ ಸಾಕು. ಆದರೆ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದ ವಾರ ರೈತ ಅಪರಾತ್ರಿಯಲ್ಲಿ ತೋಟಕ್ಕೆ ಹೋಗಿ ನೀರು ತಿರುಗಿಸಲೇಬೇಕು. (ಇದೇ ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲಲ್ಲಿ ಕರೆಂಟು ಹುಟ್ಟುತ್ತದೆ, ರೈತ ಕತ್ತಲಲ್ಲಿ ಕಾಯುತ್ತಾನೆ!) ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಕೆಸರಿನಲ್ಲಿ ಕಾಲಿಟ್ಟವರಿಗೆ ಗೊತ್ತು ಆ ಫಜೀತಿ. ಮೊಬೈಲಿನ ಚಾರ್ಜು ಬೆಳಕಿಗೇ ಖರ್ಚಾದರೆ, ಏನಾದರೂ ಆದಾಗ ಮನೆಗೆ ಫೋನ್ ಮಾಡುವುದು ಯಾವುದರಿಂದ?

ಏನಾದರೂ ಆಗುವುದೆಂದರೇನು ಎಂದು ಆ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಕಡೆ, ಹೆಬ್ಬೂರು ಮತ್ತು ಸಿ.ಎಸ್.ಪುರದ ಸುತ್ತಿನಲ್ಲಿ, ಚಿರತೆಯ ಬಾಯಿಗೆ ಸಣ್ಣ ಮಕ್ಕಳೂ ಸೇರಿದಂತೆ ಹಲವರು ಸಿಕ್ಕಿ ಸತ್ತರು. ಆ ದಾಳಿಗಳೆಲ್ಲ ರಾತ್ರಿಯವೇ ಅಲ್ಲ. ಬ್ಯಾಟ್ರಿ ಬಿಟ್ಟರೆ ಚಿರತೆ ಓಡಿಯೇ ಹೋಗುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಹಾವಿನ ವಿಷಯ ಮಾತ್ರ ಹಾಗಲ್ಲ. ಕೊಳಕುಮಂಡಲ, ಕಟ್ಟುಹಾವುಗಳು ಇರುಳಲ್ಲಿ ಓಡಾಡುವಂಥವು, ಕಾಲಿನ ಮುಂದೆ ಎರಡು ಹೆಜ್ಜೆ ಬೆಳಕಿದ್ದರೆ ತಪ್ಪಿಸಿಕೊಳ್ಳಬಹುದಾದಂಥವು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಬ್ಯಾಟ್ರಿ ಕೊಳ್ಳುವುದು ಅಷ್ಟೇನೂ ಚಿಲ್ಲರೆ ವ್ಯಾಪಾರವಲ್ಲ.

ಬಿಸಿಲಿಗಿಟ್ಟ ಶೆಲ್ಲು

ಮೊದಲು ಹಳೆಯದರ ಕಥೆ. ಈಗ ನಾವು ಕಾಣುವ ಕೊಳವೆಯಾಕಾರದ ಬ್ಯಾಟ್ರಿಗೆ ಅಮೆರಿಕದಲ್ಲಿ ಪೇಟೆಂಟು ಸಿಕ್ಕಿದ್ದು 1899ರಲ್ಲಿ, ಡೇವಿಡ್ ಮಿಸೆಲ್ ಎಂಬಾತನಿಗೆ. ಆಗಿನ ಬಲ್ಬೂ ಶೆಲ್ಲೂ ಎಷ್ಟು ದುರ್ಬಲವೆಂದರೆ ಬೆಳಕು ಒಂದೇ ಸಮನೆ ನಿಲ್ಲುತ್ತಿರಲಿಲ್ಲ, ಮಿಂಚಿ ಆರಿಸಬೇಕಿತ್ತು. ಅಮೆರಿಕದವರು ಅದನ್ನು ‘ಫ್ಲ್ಯಾಶ್‌ಲೈಟ್’ ಎಂದು ಕರೆದದ್ದು ಅದಕ್ಕೇ.

ನಮ್ಮ ಅಜ್ಜಂದಿರ ಕಾಲಕ್ಕೆ ಅದು ಮೂರು ಶೆಲ್ಲಿನ ಉದ್ದನೆಯ ಲೋಹದ ಬ್ಯಾಟ್ರಿಯಾಗಿ ಗೋಡೆಯ ಮೊಳೆಗೆ ಬಂದು ನೇತಾಡಿತು. ಶೆಲ್ಲು ಸೊರಗಿದರೆ ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಸಂಜೆಗೆ ಒಂದಿಷ್ಟು ಜೀವ ಬರುತ್ತಿತ್ತು. ಅದು ಬರೀ ನಂಬಿಕೆಯಲ್ಲ. ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸಿನ ಕಪ್ಪು ಪುಡಿ, ಇದು ಮಾಮೂಲಿ ಶೆಲ್ಲಿನ ರಚನೆ. ಉರಿಸುತ್ತ ಹೋದಂತೆ ಒಳಗೆ ಅಡ್ಡಗಟ್ಟಿಕೊಳ್ಳುವ ವಸ್ತುಗಳು ಬಿಡುವು ಸಿಕ್ಕರೆ ಚದುರಿಹೋಗುತ್ತವೆ, ಬಿಸಿಲಿನ ಕಾವಿಗೆ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಕಳೆದುಹೋದ ಶಕ್ತಿಯೇನೂ ಮರಳುವುದಿಲ್ಲ. ಉಳಿದಿದ್ದ ಚೂರನ್ನು ಕೆದಕಿ ತೆಗೆದಂತೆ. ಈಗಿನ ಲಿಥಿಯಂ ಶೆಲ್ಲನ್ನು ಮಾತ್ರ ಯಾರೂ ದಯವಿಟ್ಟು ಬಿಸಿಲಿಗಿಡಬೇಡಿ. ಅದು ಕಾವಿಗೆ ಹಾಳಾಗುತ್ತದೆ, ಕೆಲವೊಮ್ಮೆ ಬೆಂಕಿಯನ್ನೂ ಹಿಡಿಯುತ್ತದೆ.

ಪೂರ್ತಿ ಸತ್ತ ಶೆಲ್ಲು ಮಕ್ಕಳ ಪಾಲು. ಒಡೆದು ಕಡ್ಡಿ ತೆಗೆದು ಗೋಡೆಯ ಮೇಲೆ ಗೀಚುವುದು, ಕಪ್ಪು ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಬೋರ್ಡಿಗೆ ಬಳಿಯುವುದು. ಅದು ಒಳ್ಳೆಯ ಅಭ್ಯಾಸವಾಗಿರಲಿಲ್ಲ ಎಂದು ಈಗ ಹೇಳಬೇಕು.

ಆ ಹಳೆಯ ಬ್ಯಾಟ್ರಿಯಲ್ಲಿ ಒಂದು ಗುಣವಿತ್ತು. ಅದು ಹೇಳಿ ಸಾಯುತ್ತಿತ್ತು. ಬಿಳಿ ಬೆಳಕು ಹಳದಿಯಾಗಿ, ಹಳದಿ ಕೆಂಪಾಗಿ, ಬಲ್ಬಿನ ತಂತಿ ಕೆಂಡದಂತೆ ಕಾಣುವಷ್ಟರಲ್ಲಿ ಮನೆ ಸೇರಿಕೊಳ್ಳಬಹುದಿತ್ತು. ಈಗಿನ ಬ್ಯಾಟ್ರಿ ಆರಿಸುವಾಗ ನಾವು ಮರೆಯುವುದು ಇದನ್ನೇ. ಎಷ್ಟು ಹೊತ್ತು ಉರಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ಆರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಚಾರ್ಜಿನವು ಮೂರು ಬಗೆ

ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಅದೇ ಶೆಲ್ಲಿನಲ್ಲಿ ಎಷ್ಟೋ ಪಟ್ಟು ಹೊತ್ತು ಬೆಳಕು. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಮೂವರು ಜಪಾನಿ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಅಗ್ಗದ ಪುಟ್ಟ ಬ್ಯಾಟ್ರಿಗಳಲ್ಲಿ ಮೂರು ಸಣ್ಣ ಶೆಲ್ಲು ಹಾಕಿಸುವುದು ಇದಕ್ಕೇ. ಒಂದೇ ಶೆಲ್ಲಿನಲ್ಲಿ ಉರಿಯಬೇಕಾದರೆ ವೋಲ್ಟೇಜ್ ಏರಿಸುವ ಪುಟ್ಟ ಸರ್ಕಿಟ್ ಒಳಗಿರಬೇಕು, ಅದಕ್ಕೆ ಬೆಲೆ ಜಾಸ್ತಿ.

ಚಾರ್ಜಿನ ಬ್ಯಾಟ್ರಿ ಎಂದು ಅಂಗಡಿಯವರು ಒಂದೇ ಹೆಸರಲ್ಲಿ ಕರೆಯುವುದರಲ್ಲಿ ಮೂರು ಜಾತಿಗಳಿವೆ. ಹಿಂದೆ ಎರಡು ಪಿನ್ನಿದ್ದು ನೇರ ಪ್ಲಗ್ಗಿಗೆ ಚುಚ್ಚುವ ಅಗ್ಗದವುಗಳಲ್ಲಿ ಬಹಳಷ್ಟರ ಒಳಗೆ ಇರುವುದು 4 ವೋಲ್ಟಿನ ಪುಟ್ಟ ಲೆಡ್ ಆಸಿಡ್ ಬ್ಯಾಟರಿ, ಸ್ಕೂಟರಿನ ಬ್ಯಾಟರಿಯ ಮರಿ ಎನ್ನಿ. ಖಾಲಿಯಾಗಿ ಬಿದ್ದಿದ್ದರೆ ಒಳಗಿನ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹತ್ತು ನಿಮಿಷದ ಬೆಳಕು. ರಾತ್ರಿಯಿಡೀ ಚುಚ್ಚಿಟ್ಟು ಮರೆತರೂ ಕೆಡುತ್ತದೆ. ನನ್ನ ಮನೆಯಲ್ಲೂ ಒಂದಿತ್ತು. ಮಳೆಗಾಲ ಮುಗಿದ ಮೇಲೆ ಕಪಾಟಿಗೆ ಸೇರಿತು, ಯುಗಾದಿಗೆ ತೆಗೆದು ನೋಡಿದರೆ ಪೂರ್ತಿ ಕಲ್ಲು. ತಪ್ಪು ನನ್ನದೇ, ತಿಂಗಳಿಗೊಮ್ಮೆ ಚಾರ್ಜು ಮಾಡಬೇಕೆಂದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿತ್ತು. ದಿನವೂ ಬಳಸಿ ದಿನವೂ ತುಂಬುವ ಶಿಸ್ತಿನವರಿಗೆ ಇದು ಪರವಾಗಿಲ್ಲ. ಅಂಥವರು ನಮ್ಮಲ್ಲಿ ಎಷ್ಟು ಮಂದಿ?

ಎರಡನೆಯದು ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು. ನೋಡಲು ಮಾಮೂಲಿ ಪೆನ್‌ಸೆಲ್ಲಿನ ಹಾಗೇ ಇದ್ದು, ಬೇರೆ ಚಾರ್ಜರಿನಲ್ಲಿ ಇಟ್ಟು ತುಂಬಿಸುವಂಥದ್ದು. ಮಾಮೂಲಿ ಶೆಲ್ಲಿನ 1.5 ವೋಲ್ಟಿಗೆ ಬದಲು ಇದರದ್ದು 1.2 ವೋಲ್ಟ್. ಹಳೆಯ ಬಲ್ಬಿನ ಬ್ಯಾಟ್ರಿಯಲ್ಲಿ ಹಾಕಿದರೆ ಮಂಕಾಗಿ ಕಾಣುತ್ತದೆ, ಎಲ್‌ಇಡಿಯಲ್ಲಿ ವ್ಯತ್ಯಾಸ ಅಷ್ಟು ಗೊತ್ತಾಗದು. ಇದರ ಹಳೆಯ ದೋಷವೆಂದರೆ ಸುಮ್ಮನಿದ್ದರೂ ಸೋರುವುದು. ತಿಂಗಳೊಂದರಲ್ಲೇ ಕಾಲು ಭಾಗದಷ್ಟು ಚಾರ್ಜು ಮಾಯವಾಗುತ್ತಿತ್ತು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ‘ಎನೆಲೂಪ್’ ಎಂಬ ಹೆಸರಲ್ಲಿ ಸೋರಿಕೆ ಕಡಿಮೆಯ ಶೆಲ್ಲು ತಂದಿತು. ಅದೇ ಬಗೆಯವು ಈಗ ಬೇರೆ ಕಂಪನಿಗಳಿಂದಲೂ ಬರುತ್ತವೆ. ವರ್ಷ ಕಳೆದರೂ ಮುಕ್ಕಾಲು ಭಾಗದಷ್ಟು ಉಳಿದಿರುತ್ತದೆ. ಕೊಳ್ಳುವಾಗ ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ರೆಡಿ ಟು ಯೂಸ್’ ಎಂದು ಬರೆದಿದೆಯೇ ನೋಡಿ.

ಮೂರನೆಯದು ಲಿಥಿಯಂ ಅಯಾನ್. ಮೊಬೈಲಿನ ಚಾರ್ಜರೇ ಸಾಕು; ತೂಕ ಕಡಿಮೆ, ಬೆಳಕು ಬಹಳ. ಆರುವ ರೀತಿ ಮಾತ್ರ ಖರಾಬು. ಇಂಥ ಶೆಲ್ಲು ತೀರ ಖಾಲಿಯಾದರೆ ಕೆಡುತ್ತದೆಂದು ಒಳಗಿನ ಸರ್ಕಿಟ್ ಒಂದು ಹಂತಕ್ಕೆ ಕರೆಂಟನ್ನು ಕಡಿದುಬಿಡುತ್ತದೆ. ಬೆಳಗುತ್ತಿದ್ದದ್ದು ಫಕ್ಕನೆ ಆರಿತು ಎಂದರೆ ಆರಿತು. ಒಳ್ಳೆಯವುಗಳಲ್ಲಿ ಮೊದಲೇ ಕೆಂಪು ದೀಪ ತೋರಿಸುವ, ಇಲ್ಲವೆ ಬೆಳಕನ್ನು ತಾನೇ ತಗ್ಗಿಸುವ ವ್ಯವಸ್ಥೆ ಇರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಶೆಲ್ಲು ಹೊರತೆಗೆಯಲು ಬರುವಂಥದ್ದನ್ನೇ ಆರಿಸಿ. ಅಂಟಿಸಿ ಮುಚ್ಚಿದ್ದಾದರೆ ಮೂರು ನಾಲ್ಕು ವರ್ಷಕ್ಕೆ ಶೆಲ್ಲಿನ ಜೊತೆ ಬ್ಯಾಟ್ರಿಯೇ ತಿಪ್ಪೆಗೆ. ಹೊರತೆಗೆಯುವಂಥವುಗಳಲ್ಲಿ ಹೆಚ್ಚಾಗಿ ಸಿಗುವುದು ‘18650’ ಎಂಬ ಶೆಲ್ಲು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಅಳತೆಯಲ್ಲಿ ತುಂಬಬಹುದಾದದ್ದು 3500 ಎಂಎಎಚ್ ಆಸುಪಾಸು, ತೀರ ಹೊಸ ತಳಿಯವಾದರೆ 4000ದ ಹತ್ತಿರ. ಮೇಲೆ 9900 ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಅಂಥದ್ದನ್ನು ಮನೆಗೆ ತರುವುದೇ ಬೇಡ.

ಹಾಗಾದರೆ ಬಿಸಾಡುವ ಶೆಲ್ಲಿಗೆ ಕಾಲ ಮುಗಿಯಿತೆ? ಇಲ್ಲ. ಮಾಮೂಲಿ ಶೆಲ್ಲು ಎರಡು ಮೂರು ವರ್ಷ, ಆಲ್ಕಲೈನ್ ಆದರೆ ಐದರಿಂದ ಹತ್ತು ವರ್ಷ ಡಬ್ಬಿಯಲ್ಲಿ ಕೂತೇ ಇರುತ್ತದೆ. ಯಾವ ಕರೆಂಟಿನ ಹಂಗೂ ಇಲ್ಲ. ನಡುರಾತ್ರಿ ಮುಗಿದರೂ ಜೇಬಿನ ಇನ್ನೊಂದು ಜೊತೆ ಹಾಕಿದರಾಯಿತು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ.

ದುಡ್ಡಿನ ಲೆಕ್ಕ ನೋಡೋಣ. ಪೆನ್‌ಸೆಲ್ಲಿಗೆ ಇಪ್ಪತ್ತು ರೂಪಾಯಿ, ತುಂಬಿಸುವ ಶೆಲ್ಲಿಗೆ ಇನ್ನೂರು ಎಂದಿಟ್ಟುಕೊಳ್ಳಿ. ಹತ್ತು ಸಲ ತುಂಬಿಸಿದರೆ ಹಾಕಿದ ದುಡ್ಡು ಬಂತು, ಚಾರ್ಜರಿನ ಬೆಲೆಗೆ ಇನ್ನಷ್ಟು ಸಲ. ನೂರಾರು ಸಲ ತುಂಬಿಸಬಹುದಾದ್ದರಿಂದ ಉಳಿದದ್ದೆಲ್ಲ ಲಾಭ. ದಿನವೂ ತೋಟಕ್ಕೆ ಹೋಗುವವರಿಗೆ ಒಂದೇ ವರ್ಷದಲ್ಲಿ ಗಿಟ್ಟುತ್ತದೆ. ವರ್ಷಕ್ಕೆ ನಾಲ್ಕು ಸಲ ಕರೆಂಟು ಹೋದಾಗ ಮಾತ್ರ ಹುಡುಕುವವರಿಗೆ ಎಂದೂ ಗಿಟ್ಟುವುದಿಲ್ಲ. ಅವರು ಆಲ್ಕಲೈನ್ ಶೆಲ್ಲು ತಂದು, ಬ್ಯಾಟ್ರಿಯೊಳಗೆ ಹಾಕದೆ ಪಕ್ಕದಲ್ಲೇ ರಬ್ಬರ್ ಬ್ಯಾಂಡು ಸುತ್ತಿ ಇಡುವುದು ಮೇಲು. ಒಳಗೇ ಬಿಟ್ಟರೆ ಎಂದಾದರೊಂದು ದಿನ ಸೋರುತ್ತದೆ. ಮಾಮೂಲಿ ಶೆಲ್ಲಿನ ಸತುವಿನ ಡಬ್ಬಿಯೇ ಅದರ ಇಂಧನ. ಉರಿದಂತೆಲ್ಲ ಡಬ್ಬಿಯೇ ಸವೆಯುತ್ತದೆ, ಸೋರದೆ ಇನ್ನೇನು ಮಾಡೀತು! ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಲಿ ಮುಟ್ಟಬೇಡಿ. ಹಳೆ ಬಟ್ಟೆಗೆ ಸ್ವಲ್ಪ ನಿಂಬೆರಸ ಹಚ್ಚಿ ಒರೆಸಿ. ಹೊಸದು ಹಳತನ್ನು ಜೊತೆಗೂಡಿಸಬೇಡಿ. ಮಾಮೂಲಿ ಶೆಲ್ಲನ್ನು ಚಾರ್ಜರಿಗೆ ಹಾಕುವ ಸಾಹಸವೂ ಬೇಡ, ಒಡೆದೀತು.

ಮತ್ತೊಂದು ಮಾತು. ‘ಎರಡು ಕಿಲೋಮೀಟರ್ ಬೆಳಕು’ ಎಂಬ ಜಂಬಕ್ಕೆ ಮರುಳಾಗಬೇಡಿ. ದೂರದ ತೆಂಗಿನ ಗರಿ ಕಂಡು ಕಾಲ ಬುಡದ ಹಾವು ಕಾಣದಿದ್ದರೆ ಏನು ಬಂತು? ಬೆಳಕು ಅಗಲವಾಗಿ ಹರಡಬೇಕು. ಗುದ್ದಲಿ ಹಿಡಿಯುವವರಿಗೆ ಹಣೆಪಟ್ಟಿಯದೇ ಅನುಕೂಲ.

ಆ ದಿನ ಬಟವಾಡಿಯ ಯಜಮಾನರು ಕೊನೆಗೆ ಕೊಂಡದ್ದು ಎರಡು ಪೆನ್‌ಸೆಲ್ಲಿನ ಎಲ್‌ಇಡಿ ಬ್ಯಾಟ್ರಿ. ನನ್ನ ಮಾತು ಕೇಳಿ ತುಂಬಿಸುವ ಶೆಲ್ಲು ನಾಲ್ಕು, ಒಂದು ಚಾರ್ಜರು ತೆಗೆದುಕೊಂಡರು. ನನ್ನ ಮಾತು ಕೇಳದೆ ಕೆಂಪು ಮೈಯ ಮಾಮೂಲಿ ಶೆಲ್ಲು ಒಂದು ಜೊತೆಯನ್ನೂ ಕೊಂಡು ಅಂಗಿಯ ಒಳಜೇಬಿಗೆ ಇಳಿಸಿದರು. ಅವರು ಮಾಡಿದ್ದೇ ಸರಿ. ತುಂಬಿಸುವುದೂ ಬಿಸಾಡುವುದೂ ಎರಡೂ ಹಿಡಿಸುವ ಬ್ಯಾಟ್ರಿಯಾದ್ದರಿಂದ ಅದು ಸಾಧ್ಯವಾಯಿತು. ಪಿನ್ನಿನ ಬ್ಯಾಟ್ರಿಯಾಗಿದ್ದರೆ ಆಗುತ್ತಿರಲಿಲ್ಲ.

“ಹಳೇ ಶೆಲ್ ಏನ್ ಮಾಡ್ಲಿ ಸ್ವಾಮಿ?” ಎಂದು ಹೊರಡುವಾಗ ಕೇಳಿದರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬ್ಯಾಟರಿಗಳ ಮೇಲೆ ಗೆರೆ ಹೊಡೆದ ಕಸದ ಡಬ್ಬಿಯ ಗುರುತಿರಬೇಕು, ಮನೆಯ ಕಸಕ್ಕೆ ಸೇರಿಸುವಂತಿಲ್ಲ, ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು ಎಂದು ನಾನು ಹೇಳಿದೆ. ಅವರು ಅಂಗಡಿಯ ಹುಡುಗನ ಮುಖ ನೋಡಿದರು. ಹುಡುಗ ಗಲ್ಲಾದ ಕೆಳಗಿನಿಂದ ಒಂದು ಖಾಲಿ ರಟ್ಟಿನ ಡಬ್ಬಿ ಎತ್ತಿಟ್ಟು, “ತಂದಾಕಿ ಯಜಮಾನ್ರೇ, ನೋಡೋಣ” ಎಂದ.