ಬ್ಯೂಕ್ ಎಂಜಿನ್ ಬೀಗರ ಆಲೆಮನೆಯಲ್ಲಿತ್ತು

‘ಸಾರ್, ನಮ್ಮ ತಾತನ ಬ್ಯೂಕ್ ಕಾರು ಕೊಟ್ಟಿಗೆಯಲ್ಲಿದೆ. ರೆಡಿ ಮಾಡಿಸ್ತಾ ಇದೀನಿ. ಎಲ್ಲಾ ಒರಿಜಿನಲ್ ಪಾರ್ಟ್ಸೇ ಹಾಕಿಸೋದು, ಅಮೆರಿಕದಿಂದ ತರಿಸ್ತೀನಿ. ನೀವೊಂದು ಕಾರ್ಯಕ್ರಮ ಮಾಡಿ.’

ನಂಜನಗೂಡು ತಾಲ್ಲೂಕಿನ ಒಬ್ಬ ವೀಕ್ಷಕರ ಫೋನ್ ಅದು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಬದುಕುತ್ತಿರೋದು ಕ್ಯಾಮೆರಾ ಮುಂದೆ. ಇಂಥ ಫೋನ್ ಬಂದ್ರೆ ಬಿಡೋಕೆ ಮನಸ್ಸಾಗಲ್ಲ. ಭಾನುವಾರ ಹೊರಟೆ.

ಕಾರು 1947ರ ಬ್ಯೂಕ್ ಸೂಪರ್. ಹುಲ್ಲಿನ ಮೆದೆಯ ಪಕ್ಕ, ಮೇಲೆ ಕೋಳಿ ಕೂತಿದ್ದರೂ ಗತ್ತು ಹೋಗಿರಲಿಲ್ಲ. ಬಾನೆಟ್ ಎತ್ತಿದೆ. ಒಂದು ನಿಮಿಷ ಸುಮ್ಮನೆ ನಿಂತೆ. ಈ ಕಾರಿಗೆ ಅಷ್ಟು ಉದ್ದದ ಮೂತಿ ಯಾಕೆ ಗೊತ್ತಾ? ಒಳಗೆ ಎಂಟು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತಿರಬೇಕು. 4.1 ಲೀಟರಿನ ಪೆಟ್ರೋಲ್ ಎಂಜಿನ್, 110 ಅಶ್ವಶಕ್ತಿ. ಆದರೆ ಅಲ್ಲಿದ್ದದ್ದು ನಾಲ್ಕು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್. ಎಂಟು ಜನರ ಪಂಕ್ತಿಯಲ್ಲಿ ನಾಲ್ಕು ಜನ ಉಂಡೆದ್ದ ಹಾಗೆ ಮುಂದೆಲ್ಲ ಖಾಲಿ ಖಾಲಿ.

ತಾತನನ್ನ ಬೈಯಬೇಡಿ. 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಪೆಟ್ರೋಲ್ ಬೆಲೆ ಏರಿತು. ಸುಮಾರು ಒಂದೂಮುಕ್ಕಾಲು ಟನ್ ತೂಗುವ ಈ ಕಾರು ಲೀಟರಿಗೆ ಐದಾರು ಕಿಲೋಮೀಟರ್ ಓಡಿದರೆ ಅದೇ ಪುಣ್ಯ. ಪಾರ್ಟ್ಸ್ ಸಿಗೋದೂ ನಿಂತಿತ್ತು. ಬಾಂಬೆಯ ಸೇವ್ರಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿ ಹೋಗಿತ್ತು. (ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲೇ ಯುರೋಪು, ಅಮೆರಿಕದ ಕಾರ್ಖಾನೆಗಳನ್ನ ನೋಡಿ ಬಂದು ಇಲ್ಲೇ ಕಾರು ಮಾಡೋಣ ಅಂತ ಯೋಜನೆ ಹಾಕಿದ್ದರು. ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ. ಅದು ಇನ್ನೊಂದು ದಿನದ ಕಾರ್ಯಕ್ರಮ.) ಹಾಗಾಗಿ ದೇಶದ ತುಂಬ ದೊಡ್ಡ ದೊಡ್ಡ ಅಮೆರಿಕನ್ ಕಾರುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಸೇರಿತು. ಆ ಎಂಜಿನ್ ಕೂರಿಸದೇ ಇದ್ದಿದ್ದರೆ ಎಷ್ಟೋ ಕಾರು ಆಗಲೇ ಗುಜರಿ ಸೇರಿರುತ್ತಿದ್ದವು.

ಈಗ ಅಸಲಿ ವಿಷಯಕ್ಕೆ ಬರೋಣ. ಒರಿಜಿನಲ್ ಅಂದ್ರೆ ಏನು? ರಸಬಾಳೆ ಅಂತ ಕೂಗಿ ಯಾವುದೋ ಬಾಳೆಹಣ್ಣು ಮಾರೋದನ್ನ ನಂಜನಗೂಡಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕಾರಿನ ಬಿಡಿಭಾಗದ್ದೂ ಅದೇ ಕಥೆ. ಕಾರ್ಖಾನೆಯಿಂದ ಇದೇ ಕಾರಿನ ಜೊತೆ ಹೊರಟು ಬಂದ ಭಾಗ ಒಂದು ಬಗೆ. ಅದೇ ಮಾದರಿಯ ಬೇರೆ ಕಾರಿನಿಂದ ಬಿಚ್ಚಿದ್ದು ಇನ್ನೊಂದು. ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದದ್ದು ಮತ್ತೊಂದು. ಹಳೇ ಅಳತೆ ನೋಡಿಕೊಂಡು ಇವತ್ತು ಹೊಸದಾಗಿ ಮಾಡಿದ್ದೂ ಇದೆ. ಮಾರೋರು ನಾಲ್ಕನ್ನೂ ಒರಿಜಿನಲ್ ಅಂತಲೇ ಮಾರ್ತಾರೆ.

ಪೆಟ್ಟಿಗೆ ಬಿಚ್ಚದ ಮಾಲಿಗೆ ಜನ ಬಾಯಿ ಬಿಡ್ತಾರೆ. ಪಿಸ್ಟನ್, ವಾಲ್ವ್ ಆದರೆ ಸರಿ, ಲೋಹ ಕಾಯುತ್ತೆ. ರಬ್ಬರ್ ಕಾಯಲ್ಲ. 1948ರ ಬ್ರೇಕ್ ಹೋಸ್ ಪೆಟ್ಟಿಗೆಯಲ್ಲಿ ಎಷ್ಟೇ ಚೆನ್ನಾಗಿ ಕಾಣಲಿ, ಹಾಕಬೇಡಿ. ಬ್ರೇಕ್ ಹೋಸು, ವೀಲ್ ಸಿಲಿಂಡರಿನ ಕಪ್ಪು, ಟೈರು, ವೈರಿನ ಹೊದಿಕೆ ಹೊಸದೇ ಆಗಬೇಕು. ಇಷ್ಟು ತೂಕದ ಗಾಡಿ ಕಪಿಲಾ ಸೇತುವೆ ಇಳಿಜಾರಿನಲ್ಲಿ ನಿಲ್ಲದೇ ಹೋದ್ರೆ ನಿಮ್ಮ ಒರಿಜಿನಲ್ ಯಾರಿಗೆ ಬೇಕು?

ಅವರ ಅಮೆರಿಕ ಆರ್ಡರಿನ ಪಟ್ಟಿ ಇಸ್ಕೊಂಡು ನೋಡಿದೆ. ಡ್ಯಾಶ್‌ಬೋರ್ಡ್ ಇತ್ತು, ಸ್ಟೀರಿಂಗ್ ಬಾಕ್ಸ್ ಇತ್ತು, ಪೆಡಲಿನ ಸರಳುಗಳಿದ್ದವು. ‘ಇದೆಲ್ಲ ಹೊಡೆದು ಹಾಕಿ’ ಅಂದೆ. ಅವರಿಗೆ ಸಿಟ್ಟೇ ಬಂತು. ಸ್ವಾಮಿ, ಅಮೆರಿಕದಲ್ಲಿ ಸ್ಟೀರಿಂಗ್ ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಅಲ್ಲಿಂದ ಬರುವ ಡ್ಯಾಶ್‌ಬೋರ್ಡ್ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು, ವಾಲ್ವುಗಳಿಗೆ ಎಡ ಬಲ ಗೊತ್ತಿಲ್ಲ, ಅವನ್ನ ತರಿಸಿ. ಡ್ರೈವರ್ ಕೈಕಾಲು ತಾಗುವ ಬಹುಪಾಲು ಭಾಗಗಳಿಗೆ ಗೊತ್ತು. ಅವು ಸಿಕ್ಕಿದರೆ ಬಲಗಡೆ ಸ್ಟೀರಿಂಗ್ ಇದ್ದ ಕಾರುಗಳು ಓಡಾಡಿದ ಕಡೆ ಸಿಗಬೇಕು. ಅಂದ್ರೆ ನಮ್ಮಲ್ಲೇ. ಯಾರದೋ ಅಟ್ಟದಲ್ಲಿ, ಯಾವುದೋ ಹಳೇ ಗ್ಯಾರೇಜಿನ ಹಿತ್ತಲಲ್ಲಿ.

ಎಂಜಿನ್ ಬದಲಾಯಿಸಿದಾಗ ಹೋಗಿದ್ದು ಎಂಜಿನ್ ಒಂದೇ ಅಲ್ಲ. ಲಾರಿ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಬಯಲಲ್ಲೇ ತಿರುಗುತ್ತಿರುತ್ತೆ. ಬ್ಯೂಕ್‌ನಲ್ಲಿ ಹಾಗಿಲ್ಲ. ಶಾಫ್ಟ್ ಒಂದು ದಪ್ಪ ಕೊಳವೆಯೊಳಗಿದೆ, ಟಾರ್ಕ್ ಟ್ಯೂಬ್ ಅಂತಾರೆ. ಆ ಕೊಳವೆ ಹಿಂದಿನ ಆಕ್ಸಲ್ಲಿಗೆ ಬೆಸೆದುಕೊಂಡಿದೆ. ಚಕ್ರ ನೆಲವನ್ನ ಒದ್ದಾಗ ಆ ತಳ್ಳು ಕೊಳವೆಯ ಮೂಲಕ ಗೇರ್‌ಬಾಕ್ಸ್ ಕಡೆಗೆ ಬಂದು ಕಾರನ್ನ ಮುಂದಕ್ಕೆ ದೂಡುತ್ತೆ. ಹಿಂದಿನ ಸ್ಪ್ರಿಂಗು ಪಟ್ಟಿಯದ್ದಲ್ಲ, ಸುರುಳಿಯದ್ದು, ಅದು ಭಾರ ಹೊರುತ್ತೆ ಅಷ್ಟೇ. ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸೋಕೆ ಆ ಕೊಳವೆ ಬಿಚ್ಚಬೇಕು, ಚಾಸಿಯ ಅಡ್ಡಪಟ್ಟಿ ಕತ್ತರಿಸಬೇಕು, ಹೊಸ ಆಧಾರ ಬೆಸುಗೆ ಹಾಕಬೇಕು. ಇಲ್ಲೂ ಅಷ್ಟೂ ಆಗಿತ್ತು. ಪುಣ್ಯಕ್ಕೆ ಟ್ಯೂಬನ್ನ ತಾತ ಎಸೆದಿರಲಿಲ್ಲ, ಅಟ್ಟದ ಮೇಲಿತ್ತು.

ಕರೆಂಟಿನ ಕಥೆಯೂ ಇದೆ. ಈ ಕಾರು 6 ವೋಲ್ಟಿನದ್ದು. 36 ವಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 6 ಬೇಕು. ಅದಕ್ಕೇ ಹಳೇ ವೈರು ಬೆರಳು ದಪ್ಪ. ಯಾರೋ ಅಂಬಾಸಡರ್ ಡೈನಮೋ, 12 ವೋಲ್ಟಿನ ಬ್ಯಾಟರಿ ಕೂರಿಸಿ ಪೆಟ್ರೋಲ್ ಗೇಜು, ಗಡಿಯಾರ ಎರಡನ್ನೂ ಸುಟ್ಟಿದ್ದರು.

ಇಷ್ಟೆಲ್ಲ ಯಾಕೆ ಕೊರೀತಾನೆ ಅಂತೀರಾ? ಕಾನೂನಿಗಾಗಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ಆಮೇಲೆ ಮರುನೋಂದಣಿಗೆ 5,000. ಹೊಸ ನಂಬರ್ ಆದರೆ ನಡುವೆ ‘ವಿಎ’ ಅಂತ ಬರುತ್ತೆ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರೇ ಉಳಿಯುತ್ತೆ, ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರ್ ಕಳಕೊಳ್ಳಬೇಕಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಓಡಿಸಬಹುದು, ದಿನಾ ಸಂತೆಗೆ ಹೋಗೋ ಹಾಗಿಲ್ಲ. ಆದರೆ ಮುಖ್ಯ ಷರತ್ತು ಇದು: ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಅಂದ್ರೆ ಕಾರನ್ನ ಇಷ್ಟು ವರ್ಷ ಉಳಿಸಿದ ಪರ್ಕಿನ್ಸ್ ಎಂಜಿನ್ನೇ ಈಗ ಅಡ್ಡಗಾಲು. ನಿಯಮ ತಪ್ಪು ಅಂತ ನಾನು ಹೇಳಲ್ಲ. ಆದರೆ ಹಳ್ಳಿಯ ಕೊಟ್ಟಿಗೆಯಲ್ಲಿರೋ ಎಷ್ಟು ಕಾರು ಇದನ್ನ ದಾಟುತ್ತವೆ, ನೀವೇ ಹೇಳಿ.

‘ಹಳೇ ಎಂಜಿನ್ ಎಲ್ಲಿ?’ ಅಂತ ಕೇಳಿದೆ. ಮೊಮ್ಮಗನಿಗೆ ಗೊತ್ತಿಲ್ಲ. ಜಗುಲಿ ಮೇಲೆ ಎಲೆ ಅಡಿಕೆ ಹಾಕ್ತಾ ಕೂತಿದ್ದ ಅಜ್ಜಿ, ‘ಅದನ್ನ ನರಸೀಪುರದ ಬೀಗರು ತಗಂಡೋದ್ರಲ್ಲಪ್ಪ, ಪಂಪ್‌ಸೆಟ್ಟಿಗಾಯ್ತದೆ ಅಂತ’ ಅಂದರು. ಅಷ್ಟು ದಿನದಿಂದ ಅಮೆರಿಕಕ್ಕೆ ಮೇಲ್ ಹಾಕ್ತಿದ್ದ ಹುಡುಗ ಅಜ್ಜಿಯನ್ನ ಕೇಳಿರಲಿಲ್ಲ!

ಕಬಿನಿ ನಂಜನಗೂಡು ದಾಟಿ ತಿರುಮಕೂಡಲಿಗೆ ಹೋಗಿ ಕಾವೇರಿ ಸೇರುತ್ತಾಳೆ. ನಾವೂ ಅದೇ ದಿಕ್ಕಿಗೆ ಹೊರಟೆವು. ಟಿ. ನರಸೀಪುರದ ಆಚೆ, ಬೀಗರ ಆಲೆಮನೆ. ಕೊಪ್ಪರಿಗೆ ಕುದೀತಾ ಇತ್ತು. ಹಿಂದುಗಡೆ ಒಣ ಸೋಗೆ ಸರಿಸಿದರೆ ಎಂಟು ಸಿಲಿಂಡರಿನ ಉದ್ದನೆಯ ಬ್ಲಾಕು, ಎರಡು ಕಲ್ಲಿನ ಮೇಲೆ ಮಲಗಿತ್ತು. ಪೆಟ್ರೋಲ್ ಕುಡಿಯುತ್ತೆ ಅಂತ ಪಂಪಿಗೆ ಕಟ್ಟದೇ ಬಿಟ್ಟಿದ್ದರಂತೆ. ವೈರ್ ಬ್ರಷ್ ಹಾಕಿ ಪಕ್ಕದ ಮಣ್ಣು, ತುಕ್ಕು ಉಜ್ಜಿದೆವು. ಅಂಕಿ ಒಂದೊಂದಾಗಿ ಕಂಡವು. ಮೊಮ್ಮಗ ಆರ್‌ಸಿ ಪುಸ್ತಕ ಹಿಡಿದು ಓದಿದರು, ನಾನು ಮೊಬೈಲ್ ಬೆಳಕಲ್ಲಿ ನೋಡಿದೆ. ಕೊನೇ ಅಂಕಿವರೆಗೂ ಸರಿಹೊಂದಿತು.

ಅದು ಓಡುವ ಸ್ಥಿತಿಯಲ್ಲೇನೂ ಇರಲಿಲ್ಲ. ಆ ಕಾಲದ ಬ್ಯೂಕ್ ಕನೆಕ್ಟಿಂಗ್ ರಾಡಿನಲ್ಲಿ ಈಗಿನ ಹಾಗೆ ಬಿಚ್ಚಿ ಹಾಕುವ ಬೇರಿಂಗ್ ಚಿಪ್ಪಿಲ್ಲ. ತವರ, ಆಂಟಿಮನಿ, ತಾಮ್ರ ಬೆರೆಸಿದ ಬ್ಯಾಬಿಟ್ ಲೋಹವನ್ನ ಕರಗಿಸಿ ರಾಡಿನ ಕಣ್ಣಿಗೆ ಎರಕ ಹೊಯ್ದು, ಆಮೇಲೆ ಅಳತೆಗೆ ಕೊರೆಯಬೇಕು. ಗುಂಜಾ ನರಸಿಂಹನ ಊರು, ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ಅಂತಾರಲ್ಲ, ಇಲ್ಲಿ ಗುಲಗಂಜಿಯಷ್ಟು ಹೆಚ್ಚಾದರೂ ಎಣ್ಣೆ ಒತ್ತಡ ಕುಸಿದು ಎಂಜಿನ್ ಬಡಿಯೋಕೆ ಶುರುವಾಗುತ್ತೆ. ಈ ಎರಕ ಬಲ್ಲ ಹಳೇ ಮಿಸ್ತ್ರಿಗಳು ಕಡಿಮೆಯಾಗ್ತಿದ್ದಾರೆ.

ಕಾರ್ಬುರೇಟರ್ ಮಾತ್ರ ಕಾಣಲಿಲ್ಲ. ಅದು ಸಾಮಾನ್ಯ ಕಾರ್ಬುರೇಟರ್ ಅಲ್ಲ. ಬ್ಯೂಕ್‌ನಲ್ಲಿ ಸ್ಟಾರ್ಟ್ ಮಾಡೋಕೆ ಬೇರೆ ಗುಂಡಿ ಇಲ್ಲ. ಕೀ ತಿರುಗಿಸಿ ಆಕ್ಸಿಲರೇಟರ್ ತುಳಿದರೆ ಎಂಜಿನ್ ಹೊತ್ತಿಕೊಳ್ಳುತ್ತೆ, ಅದರ ಸ್ವಿಚ್ ಕಾರ್ಬುರೇಟರಿನಲ್ಲೇ ಇದೆ. ಬೇರೆ ಯಾವುದೋ ಹಾಕಿದರೆ ಆ ಗಮ್ಮತ್ತೇ ಹೋಯ್ತು.

‘ಅದಾ ಸಾ? ಮೂರು ವರ್ಷ ಆಯ್ತು, ಗುಜರಿಯವನಿಗೆ ಹಾಕ್ದೆ’ ಅಂದರು ಆಲೆಮನೆಯವರು. ‘ಒಂದು ಪ್ಲಾಸ್ಟಿಕ್ ಬಿಂದಿಗೆ ಕೊಟ್ಟ.’

ಕಾರ್ಬುರೇಟರ್‌ಗೆ ಎಡ ಬಲ ಇಲ್ಲ, ಹಾಗಾಗಿ ಅಮೆರಿಕಕ್ಕೇ ಆರ್ಡರ್ ಹೋಗಿದೆ. ಬ್ಲಾಕು ಮೈಸೂರಿನ ಮಶೀನ್ ಶಾಪಿನಲ್ಲಿದೆ. ನೀರು ಹರಿಯುವ ಗೂಡಿನಲ್ಲಿ ಬಿರುಕು ಬಿಟ್ಟಿದೆಯಾ ಇಲ್ಲವಾ ಅನ್ನೋದು ಮುಂದಿನ ವಾರ ಒತ್ತಡ ಕೊಟ್ಟು ನೋಡಿದ ಮೇಲೆ ಗೊತ್ತಾಗುತ್ತೆ.